ಹರಕೆಗೆ ಸೇರದ ಮಣ್ಣಿನ ನಾಯಿ: ಒಂದು ಅನಿಮೇಷನ್ ಚಿತ್ರಕ್ಕೆ ಕಾಡು ಹುಡುಕಿದ ಪ್ರಕರಣ

ಇದರಲ್ಲಿ ಬರುವ ಯಾರ ಹೆಸರನ್ನೂ ನಾನು ಹೇಳುವುದಿಲ್ಲ. ಊರಿನ ಹೆಸರನ್ನಂತೂ ಹೇಳುವುದೇ ಇಲ್ಲ. ಯಾಕೆ ಅನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ. ದಕ್ಷಿಣ ಕೊಡಗಿನ ಒಂದು ಊರು ಅಂದುಕೊಳ್ಳಿ, ಸಾಕು.

ಹಿನ್ನೆಲೆ

ನಾನೂ ಸೇರಿ ತಂಡದಲ್ಲಿ ಐದು ಜನ. ನಿರ್ದೇಶಕಿ ಕೊಡಗಿನ ಹುಡುಗಿ. ಬೆಂಗಳೂರಿನಲ್ಲಿ ಅನಿಮೇಷನ್ ಕಲಿತು, ಕೆಲವು ವರ್ಷ ಬೇರೆಯವರ ಚಿತ್ರಗಳಿಗೆ ದುಡಿದು, ಊರಿಗೆ ವಾಪಸ್ ಬಂದವಳು. ಹಿನ್ನೆಲೆ ಚಿತ್ರ ಬರೆಯುವವನು ಸೋಮವಾರಪೇಟೆ ಕಡೆಯವನು. ಒಬ್ಬ ಪಾತ್ರಗಳಿಗೆ ಚಲನೆ ಕೊಡುತ್ತಿದ್ದ, ಒಬ್ಬಳು ಶಬ್ದ ನೋಡಿಕೊಳ್ಳುತ್ತಿದ್ದಳು. ಕಥೆ, ಮಾತು ತಿದ್ದುವುದು ನನ್ನ ಪಾಲಿನ ಕೆಲಸ. ಮನೆಯ ಹಿಂದಿನ ಕಾಫಿ ಗೋದಾಮೇ ನಮ್ಮ ಸ್ಟುಡಿಯೊ.

ಹನ್ನೆರಡು ನಿಮಿಷದ ಚಿತ್ರ. ಕಕ್ಕಡ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಬಿರುಮಳೆಯ ಕಾಲ. ಆಕಾಶ ಹರಿದ ಹಾಗೆ ಮಳೆ ಸುರಿಯುತ್ತಿದೆ, ಆದರೆ ಊರಿನ ತೋಡಿನಲ್ಲಿ ಒಂದು ಹನಿ ನೀರಿಲ್ಲ. ನೀರು ಎಲ್ಲಿಗೆ ಹೋಯಿತು ಎಂದು ಹುಡುಕುತ್ತಾ ಹತ್ತು ವರ್ಷದ ಹುಡುಗಿಯೊಬ್ಬಳು ದೇವರಕಾಡಿಗೆ ಹೋಗುತ್ತಾಳೆ. ಅಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ರಾತ್ರಿ ಜೀವ ತಳೆದು ಅವಳಿಗೆ ದಾರಿ ತೋರಿಸುತ್ತವೆ. ಮೊದಲ ಕಥೆ ಇಷ್ಟು.

ಕೊಡಗಿನ ಹೊರಗಿನವರಿಗೆ ಎರಡು ಮಾತು. ಇಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ಗದ್ದೆಯ ಮೂಲೆಯಲ್ಲಿ ಉಳಿದ ಒಂದಿಷ್ಟು ಮರ, ಕೆಲವು ಎಕರೆಗಟ್ಟಲೆ ಕಾಡು. ಅಲ್ಲಿ ಕೊಡಲಿ ಹಾಕುವಂತಿಲ್ಲ. ಅಯ್ಯಪ್ಪ, ಭಗವತಿ ಮೊದಲಾದ ದೇವರು ಅಲ್ಲಿರುತ್ತಾರೆ. ಅಯ್ಯಪ್ಪ ಬೇಟೆಯ ದೇವರು, ಹಾಗಾಗಿ ಅವನಿಗೆ ಸುಟ್ಟ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಕೊಡುತ್ತಾರೆ. ಮಳೆಗೆ ನೆನೆದು, ಪಾಚಿ ಕಟ್ಟಿ, ಕಿವಿ ಮುರಿದು, ಎಲೆ ರಾಶಿಯಲ್ಲಿ ಅರ್ಧ ಹೂತು ಕೂತಿರುವ ಆ ನಾಯಿಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನಿರ್ದೇಶಕಿ ಆರನೇ ವಯಸ್ಸಿನಲ್ಲಿ ಅಜ್ಜಿಯ ಸೆರಗು ಹಿಡಿದು ನೋಡಿದ್ದಳಂತೆ. ಚಿತ್ರ ಹುಟ್ಟಿದ್ದು ಅಲ್ಲಿ.

ಮೊದಲ ಕಾಡು, ಎರಡನೇ ಕಾಡು

ಹಿನ್ನೆಲೆ ಬರೆಯುವ ಹುಡುಗ ಮೂರು ವಾರ ಕೂತು ಕಾಡಿನ ಆರು ಹಿನ್ನೆಲೆಗಳನ್ನು ಬರೆದ. ಸೊಗಸಾಗಿದ್ದವು. ಹಸಿರು ಪಾಚಿ ಹೊದ್ದ ದುಂಡು ಬಂಡೆಗಳು, ನೆಟ್ಟಗೆ ನಿಂತ ದಪ್ಪ ಕಾಂಡಗಳು, ನಡುವೆ ನೀಲಿ ಬೆಳಕು. ನಿರ್ದೇಶಕಿಯ ಅತ್ತೆ ಕಾಫಿ ತಂದುಕೊಟ್ಟವರು ಪರದೆ ನೋಡಿ, "ಇದು ಯಾವ ದೇಶದ್ದು ಮಗಾ?" ಎಂದು ಕೇಳಿದರು. ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ಅದು ಜಪಾನ್ ಆಗಿತ್ತು. ಹುಡುಗ ಬೇಕೆಂದು ಮಾಡಿದ್ದಲ್ಲ. ಮಾಯದ ಕಾಡು ಅಂದ ಕೂಡಲೇ ಅವನ ಕೈಗೆ ಬಂದದ್ದು ತಾನು ಪ್ರೀತಿಯಿಂದ ನೋಡುತ್ತಾ ಬೆಳೆದ ಜಪಾನಿ ಅನಿಮೇಷನ್ ಚಿತ್ರ 'ಪ್ರಿನ್ಸೆಸ್ ಮೊನೊನೊಕೆ'ಯ ಕಾಡು. 1997ರಲ್ಲಿ ಬಂದ ಆ ಚಿತ್ರದ ಕಾಡು ಎಲ್ಲಿಂದ ಬಂತು ಎಂದು ಆಗ ನಾವು ಹುಡುಕಿ ಓದಿದೆವು. 1995ರಲ್ಲಿ ಅದರ ನಿರ್ದೇಶಕ ಹಯಾವೊ ಮಿಯಾಝಾಕಿ ತಮ್ಮ ಕಲಾವಿದರನ್ನು ಯಾಕುಶಿಮಾ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು. ಸಾವಿರ ವರ್ಷ ದಾಟಿದ ಸುಗಿ ಮರಗಳು, ಎಂದರೆ ಜಪಾನಿನ ದೇವದಾರುಗಳು, ಅಲ್ಲಿವೆ. ಚಿತ್ರದ ಇನ್ನೊಂದು ಕಾಡು ಉತ್ತರ ಜಪಾನಿನ ಶಿರಾಕಾಮಿ ಬೆಟ್ಟಗಳಿಂದ ಬಂತು. ಅದು ಎಲೆ ಉದುರುವ ಬೀಚ್ ಮರಗಳ ಕಾಡು. ಎರಡೂ 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ನನಗೆ ಇಷ್ಟವಾದದ್ದು ಯಾಕುಶಿಮಾದವರ ಒಂದು ಮಾತು. ಅಲ್ಲಿ ತಿಂಗಳಿಗೆ ಮೂವತ್ತೈದು ದಿನ ಮಳೆ ಬರುತ್ತದೆ ಅಂತಾರಂತೆ. ಭಾಗಮಂಡಲದವರು ಆಡಬಹುದಾದ ಮಾತು, ಅಲ್ವಾ?

ಆದರೆ ಮಳೆ ಒಂದೇ ಆದರೂ ಮರ ಬೇರೆ, ಬೇರು ಬೇರೆ, ಬೆಳಕು ಬೇರೆ. ಆ ಕಲಾವಿದರು ಒಂದು ಕಾಡಿಗೆ ಹೋಗಿ, ನೆನೆದು, ನೋಡಿ ಬರೆದರು. ನಾವು ಅವರು ಬರೆದದ್ದನ್ನು ನೋಡಿ ಬರೆದೆವು. ಆರೂ ಚಿತ್ರಗಳನ್ನು ತೆಗೆದಿಟ್ಟೆವು.

ಎರಡನೇ ಸಲ ಹುಡುಗ ಕಿಟಕಿಯಾಚೆ ನೋಡಿ ಬರೆದ. ಈ ಸಲ ಖಂಡಿತ ಕೊಡಗೇ. ಎತ್ತರದ ಮರಗಳು, ಮೈಗೆ ಹಬ್ಬಿದ ಬಳ್ಳಿ, ಕೆಳಗೆ ಪೊದೆ, ಮಂಜು. ನಾವೆಲ್ಲ ಖುಷಿಪಟ್ಟೆವು. ಊರಿನಲ್ಲಿ ಜೇನುಕುರುಬರ ಹಿರಿಯರೊಬ್ಬರಿದ್ದಾರೆ, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ನಿವೃತ್ತರಾದವರು. ಅವರಿಗೆ ತೋರಿಸಿದೆವು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ಹೇಳಿದರು: "ಇದು ಸಿಲ್ವರ್ ಓಕು. ಇದು ಮೆಣಸಿನ ಬಳ್ಳಿ. ಕೆಳಗಿರೋದು ಕಾಫಿ. ನೀವು ದೇವರನ್ನ ತೋಟದಲ್ಲಿ ಕೂರಿಸಿದ್ದೀರಿ."

ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೆರಳಿಗೆ, ಮೆಣಸು ಹಬ್ಬಿಸಲಿಕ್ಕೆ ಅಂತ ತೋಟಕ್ಕೆ ಬಂದದ್ದು. ಕೊಡಗಿನಲ್ಲಿ ಹುಟ್ಟಿದವರಿಗೂ ಅದೇ ಕಾಡಿನ ಹಾಗೆ ಕಾಣುವಷ್ಟು ನಾವು ಅದರ ನಡುವೆ ಬದುಕುತ್ತಿದ್ದೇವೆ. ಬೆಳಕಿನಲ್ಲೂ ತಪ್ಪಿತ್ತು. ತೋಟದಲ್ಲಿ ಪ್ರತಿ ವರ್ಷ ಮರಗಸಿ ಮಾಡುತ್ತಾರೆ. ಕೊಂಬೆ ಕಡಿದು, ಕಾಫಿಗೆ ಬೇಕಾದಷ್ಟೇ ಬಿಸಿಲು ಬಿಡುತ್ತಾರೆ. ಹಾಗಾಗಿ ಬಿಸಿಲು ನೆಲದ ಮೇಲೆ ಒಂದೇ ಸಮ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಹುಡುಗ ಆ ಚುಕ್ಕಿಗಳನ್ನೇ ಬರೆದಿದ್ದ. ಮನುಷ್ಯ ಅಳೆದು ಬಿಟ್ಟ ಬೆಳಕು ಅದು.

ಈ ದಿನ ನನ್ನ ಲೆಕ್ಕದಲ್ಲಿ ಮೊದಲ ತಿರುವು. ದೂರದಿಂದ ತಂದದ್ದು ತಪ್ಪು ಅಂತ ಬೇಗ ಗೊತ್ತಾಗುತ್ತದೆ. ಹತ್ತಿರದ್ದು, ದಿನಾ ಕಣ್ಣಿಗೆ ಬೀಳುವುದು ತಪ್ಪಾದರೆ ಹೇಳಲಿಕ್ಕೆ ಇನ್ನೊಬ್ಬರು ಬೇಕು.

ಒಳಗೆ ಪುಸ್ತಕ ತೆರೆಯಬೇಡಿ

ದೇವರಕಾಡಿಗೆ ಹೋಗಬೇಕಿತ್ತು. ದೇವತಕ್ಕರನ್ನು ಕಾಣಲು ಹೋದೆವು. ತಕ್ಕರೆಂದರೆ ಆ ದೇವರ ಕೆಲಸಗಳ ಹೊಣೆ ಹೊತ್ತ ಮನೆತನದ ಹಿರಿಯರು. ಎಂಬತ್ತರ ಹತ್ತಿರದವರು. ಕಥೆ ಪೂರ್ತಿ ಕೇಳಿದರು. ಸ್ಕೆಚ್ ಮಾಡುತ್ತೇವೆ, ಫೋಟೊ ತೆಗೆಯುತ್ತೇವೆ ಎಂದಾಗ ತಲೆ ಅಲ್ಲಾಡಿಸಿದರು.

"ಬನ್ನಿ. ಚಪ್ಪಲಿ ಹೊರಗೆ. ಮೊಬೈಲು ಹೊರಗೆ. ಒಳಗೆ ಪುಸ್ತಕ ತೆರೆಯಬೇಡಿ. ನೋಡಿ ಬನ್ನಿ, ಆಚೆ ಗದ್ದೆ ಏರಿಯ ಮೇಲೆ ಕೂತು ಬೇಕಾದಷ್ಟು ಬರೆಯಿರಿ."

ನಮಗೆ ನಿರಾಸೆಯಾಯಿತು. ಹುಡುಗನಿಗಂತೂ ತುಂಬಾ. ನೋಡದೆ ಹೇಗೆ ಬರೆಯುವುದು ಎಂದು ದಾರಿಯುದ್ದಕ್ಕೂ ಕೇಳಿದ. ನಿರ್ದೇಶಕಿ ಒಂದೇ ಮಾತು ಹೇಳಿದಳು: "ತಾತ ಹೇಳಿದ ಹಾಗೆ ಮಾಡೋಣ." ಎರಡು ತಿಂಗಳು ಗೋದಾಮಿನಲ್ಲಿ ಯಾರೂ ಚಿತ್ರ ಬರೆಯುವುದಿಲ್ಲ ಎಂದು ತೀರ್ಮಾನವಾಯಿತು. ಆ ಮಳೆಗಾಲದಲ್ಲಿ ಹನ್ನೊಂದು ಸಲ ಹೋದೆವು.

ಈ ಕಟ್ಟುಪಾಡೇ ಚಿತ್ರವನ್ನು ಉಳಿಸಿತು ಎಂದು ನಾನು ನಂಬುತ್ತೇನೆ. ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ಫೋಟೊ ಇಟ್ಟುಕೊಂಡು ಬರೆದಾಗ ಎಲ್ಲವೂ ಅದರದರ ಅಳತೆಯಲ್ಲಿ ಬರುತ್ತದೆ. ನೆನಪಿನಿಂದ ಬರೆದಾಗ ಹಾಗಲ್ಲ. ಏರಿಯ ಮೇಲೆ ಕೂತು ಹುಡುಗ ಬರೆದ ಮೊದಲ ಹಾಳೆಯಲ್ಲಿ ಒಂದು ಧೂಪದ ಮರ ಹಾಳೆಯ ಮುಕ್ಕಾಲು ಭಾಗ ತುಂಬಿತ್ತು. ಅದರ ಬುಡಕ್ಕೆ ತಾಗಿದಾಗ ಆದ ತಂಪು ಅವನಿಗೆ ಮರೆತಿರಲಿಲ್ಲ. ಬೆತ್ತದ ಮುಳ್ಳು ತೋಳು ಗೀರಿದ್ದು ನೆನಪಿತ್ತು, ಹಾಗಾಗಿ ಬೆತ್ತ ಚಿತ್ರದ ಅಂಚಿನಿಂದ ಒಳಗೆ ಕೈ ಚಾಚುತ್ತಿತ್ತು. ಬೈನೆ ಮರದ ಜೋಲು ಗೊನೆ ತಲೆಯ ಮೇಲೆ ಜಡೆಯ ಹಾಗೆ ಇಳಿದಿತ್ತು. ನೆಲ ಮಾತ್ರ ಕಾಣುತ್ತಲೇ ಇರಲಿಲ್ಲ, ಬರೀ ಎಲೆ. ಹತ್ತು ವರ್ಷದ ಹುಡುಗಿಗೆ ಕಾಡು ಹೀಗೇ ಕಾಣುತ್ತದೆ ಎಂದು ನಿರ್ದೇಶಕಿ ಆ ಹಾಳೆ ಹಿಡಿದು ಕೂಗಿದಳು. ಚಿತ್ರದ ಅಳತೆ ಸಿಕ್ಕಿದ್ದು ಅಲ್ಲಿ.

ಮಳೆಯೂ ಬದಲಾಯಿತು. ಮೊದಲು ಓರೆ ಗೆರೆಗಳಲ್ಲಿ ಮಳೆ ಬರೆದಿದ್ದೆವು. ಒಳಗೆ ಹೋದಾಗ ಕಂಡದ್ದು ಬೇರೆ. ಮಳೆ ಮೊದಲು ಮೇಲಿನ ಎಲೆಗೆ ಬೀಳುತ್ತದೆ. ಕೇಳಿಸುತ್ತದೆ, ಮೈಗೆ ತಾಗುವುದಿಲ್ಲ. ಕೆಲವು ನಿಮಿಷ ಕಳೆದ ಮೇಲೆ ಎಲೆಯಿಂದ ಎಲೆಗೆ ಇಳಿದು, ದಪ್ಪ ಹನಿಯಾಗಿ ಕೆಳಗೆ ಬೀಳಲು ಶುರು. ಹೊರಗೆ ಮಳೆ ನಿಂತ ಮೇಲೂ ಒಳಗೆ ಸುರಿಯುತ್ತಲೇ ಇರುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತಿತ್ತು, ಆದರೆ ಅದನ್ನು ಗಡಿಯಾರ ಹಿಡಿದು ಕೇಳಿಸಿಕೊಂಡಿರಲಿಲ್ಲ. ಶಬ್ದದ ಹುಡುಗಿ ಕೇಳಿಸಿಕೊಂಡಳು. ಅವಳೇ ಕಥೆಗೆ ಒಂದು ಸಲಹೆ ಕೊಟ್ಟಳು: ಹುಡುಗಿಗೆ ನೀರಿನ ದಾರಿ ಕಣ್ಣಿಗೆ ಕಾಣಬಾರದು, ಕಿವಿಗೆ ಕೇಳಬೇಕು. ಹೊರಗೆ ಮಳೆ ನಿಂತ ಕ್ಷಣದಿಂದ ಅವಳ ಪಯಣ ಶುರುವಾಗಬೇಕು. ನಾನು ಮೂರು ಪುಟ ಮಾತು ಕಿತ್ತುಹಾಕಿದೆ.

ಬಣ್ಣದ ವಿಷಯ. ಮಾಯಕ್ಕೆ ನಾವು ನೀಲಿ ಹೊಳಪು ಇಟ್ಟಿದ್ದೆವು. ಎಲ್ಲ ಕಡೆ ಅದೇ ಇರುತ್ತದೆ, ಸುಮ್ನೆ ಇಟ್ಟಿದ್ದೆವು. ಕಕ್ಕಡ ಹದಿನೆಂಟರಂದು ಅತ್ತೆಯ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ಹಸಿರು ಸೊಪ್ಪು, ಬೇಯಿಸಿದರೆ ನೀರು ಕಡು ನೇರಳೆ. ಹುಡುಗ ಪಾತ್ರೆ ನೋಡುತ್ತಾ ನಿಂತುಬಿಟ್ಟ. ಅತ್ತೆ ಚಮಚ ಕೊಟ್ಟರೂ ತಿನ್ನಲಿಲ್ಲ, ಬಿಳಿ ಹಾಳೆಯ ಮೇಲೆ ಬಳಿದ. ಚಿತ್ರದಲ್ಲಿ ಮಾಯ ನಡೆಯುವ ಕಡೆಯೆಲ್ಲ ಈಗ ಇರುವುದು ಆ ನೇರಳೆ. ಕೊಡಗಿನ ಮಕ್ಕಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ನಾಯಿಗಳು ಯಾರವು?

ನಿಜವಾದ ಸಮಸ್ಯೆ ಇನ್ನೂ ಬಾಕಿ ಇತ್ತು. ಎಂಟನೇ ಭೇಟಿಯ ದಿನ ತಕ್ಕರ ಮನೆಯ ಕೈಸಾಲೆಯಲ್ಲಿ ಕೂತು ಕಥೆಹಲಗೆ (ಸ್ಟೋರಿಬೋರ್ಡ್) ತೋರಿಸಿದೆವು. ಒಂದೊಂದೇ ಚೌಕ ನೋಡುತ್ತಾ ಬಂದ ಅವರು, ನಾಯಿಗಳು ಎದ್ದು ಹುಡುಗಿಯ ಹಿಂದೆ ನಡೆಯುವ ಕಡೆ ನಿಲ್ಲಿಸಿದರು.

"ಈ ನಾಯಿಗಳು ಯಾರವು, ಮಗಳೇ?"

"ದೇವರವು, ತಾತ."

"ಹಾಗಾದರೆ ಅವು ಎದ್ದರೆ ಅವನ ಹಿಂದೆ ಹೋಗಬೇಕಲ್ಲ. ಇವಳ ಹಿಂದೆ ಯಾಕೆ ಹೋಗುತ್ತವೆ?"

ಯಾರೂ ಮಾತಾಡಲಿಲ್ಲ. ಚಲನೆಯ ಹುಡುಗ ವಾಪಸ್ ಬರುವಾಗ, ಇದು ಫ್ಯಾಂಟಸಿ, ಏನು ಬೇಕಾದರೂ ಆಗಬಹುದು ಎಂದು ವಾದಿಸಿದ. ಅವನ ಮಾತಿನಲ್ಲೂ ಸತ್ಯವಿದೆ. ನಾಲ್ಕು ತಿಂಗಳ ಕೆಲಸ ಆ ನಾಯಿಗಳ ಮೇಲೆ ನಿಂತಿತ್ತು. ಆದರೆ ನನಗೆ ತಕ್ಕರ ಪ್ರಶ್ನೆ ಭಕ್ತಿಯ ಪ್ರಶ್ನೆ ಮಾತ್ರ ಅನ್ನಿಸಲಿಲ್ಲ. ಅದು ಕಥೆಯ ಪ್ರಶ್ನೆ. ನಮ್ಮ ನಾಯಿಗಳಿಗೆ ಹುಡುಗಿಯ ಹಿಂದೆ ಹೋಗಲು ಕಾರಣವೇ ಇರಲಿಲ್ಲ. ಚೆನ್ನಾಗಿ ಕಾಣುತ್ತವೆ ಎಂದು ಎಬ್ಬಿಸಿದ್ದೆವು ಅಷ್ಟೇ.

ಆ ವಾರ ನಾವು ಬೇರೆ ತಂಡಗಳು ಏನು ಮಾಡಿದ್ದಾರೆ ಎಂದು ನೋಡಿದೆವು. 'ಫ್ರೋಜನ್ 2' ಮಾಡುವಾಗ ಡಿಸ್ನಿಯವರು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡಿನ ಮೂಲನಿವಾಸಿಗಳಾದ ಸಾಮಿ ಜನರ ಸಂಸತ್ತುಗಳ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡಿದ್ದರು. ಸಾಮಿಯವರೇ ಇದ್ದ ಸಲಹಾ ಗುಂಪೊಂದು ಕೆಲಸ ನೋಡುತ್ತಿತ್ತು. ಚಿತ್ರ ಉತ್ತರ ಸಾಮಿ ಭಾಷೆಯಲ್ಲೂ ಬಂತು. 'ಮೊವಾನಾ' ಚಿತ್ರದಲ್ಲಿ ಮಾವಿ ಎಂಬ ವೀರನನ್ನು ಮೊದಲು ಬೋಳುತಲೆಯವನಾಗಿ ಬರೆದಿದ್ದರು. ಅವನ ಶಕ್ತಿಯೇ ಕೂದಲಲ್ಲಿದೆ ಎಂದು ಪೆಸಿಫಿಕ್ ದ್ವೀಪದ ಸಲಹೆಗಾರರು ಹೇಳಿದ ಮೇಲೆ ಬದಲಿಸಿದರು. ಈಗ ಆ ಕೂದಲಿಲ್ಲದ ಮಾವಿಯನ್ನು ಊಹಿಸಲಿಕ್ಕೂ ಆಗುವುದಿಲ್ಲ. ನಿರ್ದೇಶಕಿ ತಾನೂ ಒಂದು ಒಪ್ಪಂದ ಪತ್ರ ಬರೆದುಕೊಂಡು ತಕ್ಕರ ಹತ್ತಿರ ಹೋದಳು. ಅವರು ಓದಿ, ಮಡಚಿ ವಾಪಸ್ ಕೊಟ್ಟರು. "ಕಾಗದ ಬೇಡ. ಊರಿನವರು ಕೂಡುವ ದಿನ ಬಂದು ಎಲ್ಲರ ಮುಂದೆ ಹೇಳು."

ಅಷ್ಟರಲ್ಲಿ ದಾರಿ ಇನ್ನೊಂದು ಕಡೆಯಿಂದ ಬಂತು. ಮಣ್ಣಿನ ನಾಯಿ ಮಾಡುವುದು ಹೇಗೆ ಎಂದು ನೋಡಲು ಒಬ್ಬ ಕುಂಬಾರರ ಮನೆಗೆ ಹೋಗಿದ್ದೆವು. ಒಲೆಯ ಪಕ್ಕ ಮೂರ್ನಾಲ್ಕು ನಾಯಿಗಳು ಬಿದ್ದಿದ್ದವು. ಸುಡುವಾಗ ಬಿರುಕು ಬಿಟ್ಟವು. "ಒಡೆದದ್ದನ್ನ ಹರಕೆಗೆ ಕೊಡಂಗಿಲ್ಲ. ಹಾಗಂತ ಎಸೆಯೋಕೂ ಮನಸ್ಸು ಬರಲ್ಲ," ಎಂದರು ಆ ಮನೆಯ ಅಮ್ಮ.

ಮನೆಗೆ ಬರುವ ಹೊತ್ತಿಗೆ ಕಥೆ ಬದಲಾಗಿತ್ತು. ಹರಕೆಯ ನಾಯಿಗಳು ಕಾಡಿನೊಳಗೆ ಹಾಗೇ ಇರಲಿ, ಅಲ್ಲಾಡದೆ. ಏಳುವುದು ಒಂದೇ ನಾಯಿ. ಕಿವಿ ಬಿರುಕುಬಿಟ್ಟು ಕುಂಬಾರರ ಹಟ್ಟಿಯಲ್ಲೇ ಉಳಿದದ್ದು. ದೇವರಿಗೂ ಸೇರದ, ಮನೆಗೂ ಸೇರದ ನಾಯಿ. ಅದಕ್ಕೆ ತನ್ನವರ ಹತ್ತಿರ ಹೋಗಬೇಕು, ಹುಡುಗಿಗೆ ನೀರು ಬೇಕು. ಇಬ್ಬರಿಗೂ ಒಂದೇ ದಾರಿ. ಅದು ಮಣ್ಣಿನದು, ಮಳೆಯಲ್ಲಿ ನೆನೆದಷ್ಟೂ ಬಿರುಕು ದೊಡ್ಡದಾಗುತ್ತದೆ, ಆದರೂ ನಡೆಯುತ್ತದೆ. ಬರೆಯುವಾಗಲೇ ನನಗೆ ಗಂಟಲು ಕಟ್ಟಿತು. ಮೊದಲ ಕಥೆಯಲ್ಲಿ ಇಂಥದ್ದೊಂದೂ ಇರಲಿಲ್ಲ.

ತಕ್ಕರು ಹೊಸ ಕಥೆ ಕೇಳಿ ಮೂರು ಸಲ "ಆಮೇಲೆ?" ಎಂದರು. ಊರಿನವರ ಮುಂದೆ ನಿರ್ದೇಶಕಿ ಹೇಳಿದಳು. ಯಾರೂ ಬೇಡ ಅನ್ನಲಿಲ್ಲ.

ನಮ್ಮಿಂದಾದ ದೊಡ್ಡ ತಪ್ಪು

ಕೆಲಸ ಅರ್ಧ ಮುಗಿದಾಗ ನಲವತ್ತು ಸೆಕೆಂಡಿನ ತುಣುಕೊಂದನ್ನು ಇಂಟರ್ನೆಟ್ಟಿಗೆ ಹಾಕಿದೆವು. ಜನ ನೋಡಲಿ, ಹಣಕ್ಕೂ ದಾರಿಯಾಗಲಿ ಎಂಬ ಆಸೆ. ಕೆಳಗೆ ಪ್ರೀತಿಯಿಂದ ಊರಿನ ಹೆಸರು ಬರೆದೆವು, ಕಾಡಿನ ಹೆಸರನ್ನೂ. ಋಣ ಹೇಳಿದ ಹಾಗಾಯಿತು ಅಂದುಕೊಂಡಿದ್ದೆವು.

ಮೂರನೇ ವಾರಕ್ಕೆ ಗಾಡಿಗಳು ಬಂದವು. ಮೊದಲು ಒಂದು ಕಾರು, ಆಮೇಲೆ ಶನಿವಾರ ಭಾನುವಾರ ಬೈಕುಗಳು. ಗದ್ದೆಯ ಏರಿ ತುಳಿದುಕೊಂಡು ಒಳಗೆ ಹೋದರು, ಚಪ್ಪಲಿ ಹಾಕಿಕೊಂಡೇ. ಚಿಪ್ಸ್ ಪ್ಯಾಕೆಟ್ ಸಿಕ್ಕಿತು. ಒಂದು ನಾಯಿಯನ್ನು ಫೋಟೊಕ್ಕೆ ಅಂತ ಕಲ್ಲಿನ ಮೇಲೆ ಎತ್ತಿಟ್ಟು ಹೋಗಿದ್ದರು. ಅದನ್ನು ನೋಡಿದಾಗ ತಕ್ಕರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸುವಷ್ಟು ನೋವಾಯಿತು ನಮಗೆ.

ಯಾಕುಶಿಮಾದ ಕಥೆಯಲ್ಲಿ ಇದು ಮೊದಲೇ ಇತ್ತು, ನಾವು ಓದಿಯೂ ಗಮನಿಸಿರಲಿಲ್ಲ. ಆ ಚಿತ್ರದಲ್ಲಿ ಯಾಕುಶಿಮಾ ಎಂಬ ಹೆಸರೇ ಬರುವುದಿಲ್ಲ. ಆದರೂ ಜನ ಆ ದ್ವೀಪದ ಪಾಚಿ ಕಣಿವೆಯನ್ನು ಚಿತ್ರದ ಹೆಸರು ಹಿಡಿದೇ ಹುಡುಕಿಕೊಂಡು ಹೋಗುತ್ತಾರೆ. ಹೆಸರಿಲ್ಲದೆಯೇ ಹಾಗಾದರೆ, ನಾವು ಹೆಸರು, ದಾರಿ ಎರಡನ್ನೂ ಕೊಟ್ಟಿದ್ದೆವು. ಇನ್ನೊಂದು ಬಗೆಯ ಉದಾಹರಣೆಯೂ ಇದೆ. ಮಿಯಾಝಾಕಿಯವರದೇ 1988ರ 'ಟೊಟೊರೊ' ಚಿತ್ರದ ಹಿಂದೆ ಟೋಕಿಯೊ ಪಕ್ಕದ ಸಯಾಮಾ ಗುಡ್ಡಗಳಿವೆ. ಅಲ್ಲಿನ ಜನ 1990ರಲ್ಲಿ ಒಂದು ನಿಧಿ ಕಟ್ಟಿ, ಕಾಡಿನ ತುಂಡುಗಳನ್ನು ಒಂದೊಂದಾಗಿ ಕೊಂಡು ಉಳಿಸುತ್ತಾ ಬಂದಿದ್ದಾರೆ. ಒಂದು ಚಿತ್ರ ಕಾಡನ್ನು ಕಾಯಲೂಬಹುದು. ಅದಕ್ಕೆ ಕಾಯುವ ಜನ ಮೊದಲೇ ಸೇರಿರಬೇಕು. ನಮ್ಮ ಊರು ಯಾವುದಕ್ಕೂ ತಯಾರಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ.

ತುಣುಕನ್ನು ಅದೇ ರಾತ್ರಿ ತೆಗೆದೆವು. ಐದೂ ಜನ ನಾಲ್ಕು ಭಾನುವಾರ ಏರಿಯ ಬಾಯಲ್ಲಿ ನಿಂತು ಬಂದವರನ್ನು ವಾಪಸ್ ಕಳಿಸಿದೆವು. ತುಳಿದ ಏರಿಯನ್ನು ಗದ್ದೆಯವರ ಜೊತೆ ಸೇರಿ ಕಟ್ಟಿದೆವು. ಆಮೇಲೆ ಚಿತ್ರದ ಮೇಲೆ ಕೂತೆವು. ಗುರುತು ಸಿಗುವ ಎಲ್ಲವನ್ನೂ ಬದಲಿಸಬೇಕಿತ್ತು. ಹಿಂದಿನ ಬೆಟ್ಟದ ಸಾಲು ತಿರುವುಮುರುವಾಯಿತು. ತೋಡು ಎಡದಿಂದ ಬಲಕ್ಕೆ ಹರಿಯಿತು. ಹುಡುಗಿಯ ಐನ್‌ಮನೆಯ, ಎಂದರೆ ಮನೆತನದ ಮೂಲಮನೆಯ, ಕಿಟಕಿಯ ಕೆತ್ತನೆ ಒಂದು ಒಕ್ಕದ (ಮನೆತನದ) ಮನೆಯದ್ದೇ ಆಗಿತ್ತು. ಆ ಒಕ್ಕದವರು ನೋಡಿದರೆ ಒಂದೇ ಕ್ಷಣಕ್ಕೆ ಹೇಳುತ್ತಿದ್ದರು. ಕಂಬ ಒಂದು ಕಡೆಯದು, ಓಣಿ ಇನ್ನೊಂದು ಕಡೆಯದು, ಕಿಟಕಿ ಎಲ್ಲಿಯದೂ ಅಲ್ಲ ಎಂಬ ಹಾಗೆ ಹೊಸದಾಗಿ ಕಟ್ಟಿದೆವು. ಒಳಗಿನ ತೂಗುದೀಪ, ಕಂಬಗಳ ನಡುವೆ ಕೂರಲಿಕ್ಕಿರುವ ಮರದ ಹಲಗೆ ಐಮರ, ಅಂಗಳ ಮಾತ್ರ ಹಾಗೇ ಉಳಿದವು. ಅವು ಎಲ್ಲ ಐನ್‌ಮನೆಗಳಿಗೂ ಸೇರಿದ್ದು. ಹೀಗೆ ಎರಡೂವರೆ ತಿಂಗಳು ಹೋಯಿತು.

ಏನಾಯಿತು

ಚಿತ್ರ ಮುಗಿದು ಮೊದಲು ತೋರಿಸಿದ್ದು ಆ ಊರಿನಲ್ಲೇ, ಒಂದು ಹಾಲ್‌ನಲ್ಲಿ. ನಡುವೆ ಕರೆಂಟ್ ಹೋಯಿತು. ಜನರೇಟರ್ ಬರುವವರೆಗೆ ಮಕ್ಕಳು ಕತ್ತಲಲ್ಲೇ ಕೂತು, ನಾಯಿ ಕಾಡು ಸೇರುತ್ತದೋ ಇಲ್ಲವೋ ಎಂದು ಜಗಳವಾಡಿದರು. ಆಮೇಲೆ ಬೇರೆ ಮೂರು ಊರುಗಳಲ್ಲಿ ತೋರಿಸಿದೆವು. ಮೂರೂ ಕಡೆ ಯಾರಾದರೂ ಒಬ್ಬರು ಬಂದು, ಇದು ನಮ್ಮ ದೇವರಕಾಡು ತಾನೇ ಎಂದು ಕೇಳಿದರು. ನಾವು ಹೌದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ಒಂದು ಕೊರತೆ ಉಳಿಯಿತು, ಅದನ್ನು ಮುಚ್ಚಿಡಬಾರದು. ಸಿಲ್ವರ್ ಓಕ್ ಗುರುತಿಸಿದ ಆ ವಾಚರ್ ಅಣ್ಣ ಚಿತ್ರ ನೋಡಿ, "ಕಾಡು ಸರಿಯಾಗಿದೆ. ನಾವು ಎಲ್ಲಿದ್ದೇವೆ?" ಎಂದರು. ಕೊಡಗಿನ ದೇವರ ಹಬ್ಬದಲ್ಲಿ ಒಂದೇ ಜನಾಂಗ ಇರುವುದಿಲ್ಲ. ಡೋಲು ಬಡಿಯುವವರು ಬೇರೆ, ಕೆಲವು ಕೆಲಸ ಮಾಡಬೇಕಾದವರು ಬೇರೆ, ಎಲ್ಲರೂ ಸೇರಿದರೇ ಹಬ್ಬ. ನಮ್ಮ ಚಿತ್ರದಲ್ಲಿ ಹುಡುಗಿಯ ಮನೆಯವರು, ಕುಂಬಾರರು ಬಿಟ್ಟರೆ ಇನ್ಯಾರೂ ಇಲ್ಲ. ಕೊನೆಯ ದೃಶ್ಯಕ್ಕೆ ಕೆಲವು ಮುಖಗಳನ್ನು ಸೇರಿಸಿದೆವು. ಅದು ಸೇರಿಸಿದ ಹಾಗೇ ಕಾಣುತ್ತದೆ. ಅವರನ್ನು ನಾವು ಮರ ಗುರುತಿಸಲು ಕೇಳಿದೆವು, ಕಥೆಗೆ ಕೇಳಲಿಲ್ಲ. ಈ ಬಗೆಯ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದಿದ್ದರೆ ಇದನ್ನೇ ಮೊದಲು ಹೇಳುತ್ತೇನೆ: ಕಾಡು ಬಲ್ಲವರ ಹತ್ತಿರ ಮೊದಲ ದಿನವೇ ಹೋಗಿ, ಚಿತ್ರದ ಹಾಳೆ ಇಲ್ಲದೆ, ಖಾಲಿ ಕೈಯಲ್ಲಿ.

ಈಗ ಒಂದು ಚಿತ್ರೋತ್ಸವದವರು, ಈ ಕಾಡು ಎಲ್ಲಿಯದು, ನಿಜ ಜಾಗದ ಫೋಟೊಗಳನ್ನು ಕಳಿಸಿ ಎಂದು ಕೇಳಿದ್ದಾರೆ. ನಿರ್ದೇಶಕಿ ಮೂರು ಚಿತ್ರ ಆರಿಸಿಟ್ಟಿದ್ದಾಳೆ. ಕುಂಬಾರರ ಒಲೆಯ ಪಕ್ಕದ ಒಡೆದ ನಾಯಿ. ಬಿಳಿ ಹಾಳೆಯ ಮೇಲಿನ ಮದ್ದು ಸೊಪ್ಪಿನ ನೇರಳೆ ಕಲೆ. ಗದ್ದೆ ಏರಿಯ ಮೇಲೆ ಕಾಡಿಗೆ ಬೆನ್ನು ಮಾಡಿ ಕೂತು ಬರೆಯುತ್ತಿರುವ ಹುಡುಗ. ಸ್ಥಳ ಎಂಬ ಜಾಗದಲ್ಲಿ ಕೊಡಗು ಎಂದಷ್ಟೇ ಬರೆದಿದ್ದಾಳೆ. ಕಳಿಸುವ ಮೊದಲು ತಕ್ಕರಿಗೆ ತೋರಿಸಬೇಕು ಎಂದು ನಾಳೆ ಬೆಳಿಗ್ಗೆ ಹೊರಟಿದ್ದೇವೆ.